ಉರುಟಣೆಗೊಂದು ಪೋಲ್ಕಾ

ನನ್ನ ಎಡಗೈಯ ತೋರುಬೆರಳಿಗೆ ಒಂದು ಚಾಳಿ ಅಂಟಿಕೊಂಡಿದೆ. ಯಾರಾದರೂ ಮಾತು ಶುರುಮಾಡಿ ನಿಲ್ಲಿಸುವುದನ್ನು ಮರೆತರೆ ಅದು ತನ್ನಷ್ಟಕ್ಕೆ ತಾನೇ ಎದ್ದು ಎದುರಿಗಿರುವ ಮೇಜನ್ನೋ ನನ್ನ ತೊಡೆಯನ್ನೋ ಗಟ್ಟಿಯಾಗಿ ಒತ್ತುತ್ತದೆ. ಹೋದ ಸಲ ನಮ್ಮ ಸಹಕಾರ ಸಂಘದ ಸಭೆಯಲ್ಲಿ ಅಧ್ಯಕ್ಷರು ಕೊಬ್ಬರಿ ಬೆಲೆಯಿಂದ ಹೊರಟು, ದೇಶದ ಭವಿಷ್ಯವನ್ನು ಮುಟ್ಟಿ, ಅಲ್ಲಿಂದ ತಮ್ಮ ಮೊಮ್ಮಗನ ನಾಮಕರಣದ ಕಡೆಗೆ ತಿರುಗಿದಾಗ ಈ ಬೆರಳು ಪಕ್ಕದಲ್ಲಿದ್ದ ಕ್ಯಾಷಿಯರ್ ಮೊಣಕೈಯನ್ನೇ ಒತ್ತಿಬಿಟ್ಟಿತು. ಅವರು ಗಾಬರಿಯಾಗಿ, ಏನ್ರೀ ಇದು, ನರದ ತೊಂದರೆಯೇ ಎಂದು ಕೇಳಿ, ತಮ್ಮ ಭಾವಮೈದನನ್ನು ಗುಣಪಡಿಸಿದ ಡಾಕ್ಟರ ಗುಣಗಾನಕ್ಕೆ ತೊಡಗಿದರು. ಬೆರಳು ಇನ್ನೊಂದು ಸಲ ಒತ್ತಿತು. ನರದ ತೊಂದರೆಯಲ್ಲ ಸ್ವಾಮಿ, ಅದು ಎಂಡಿಂಗ್ ಬಟನ್ ಹುಡುಕುತ್ತದೆ ಅಷ್ಟೆ.

ಹಾಗೆಂದರೇನು ಎಂದು ನಿಮಗೂ ಹೇಳಬೇಕು. ಆರ್ಕೆಸ್ಟ್ರಾದವರು ಸ್ಟ್ಯಾಂಡಿನ ಮೇಲಿಟ್ಟುಕೊಂಡು ನುಡಿಸುತ್ತಾರಲ್ಲ, ಹಾರ್ಮೋನಿಯಂಗೆ ಕರೆಂಟು ಕೊಟ್ಟ ಹಾಗಿರುವ ಕೀಬೋರ್ಡು, ಅದರಲ್ಲಿ ಒಂದು ಜಾತಿಯಿದೆ. ಎಡಗೈಯಲ್ಲಿ ಒಂದು ಮನೆ, ಅಂದರೆ ಒಂದು ಕೀ, ಒತ್ತಿ ಹಿಡಿದರೆ ಸಾಕು, ಒಳಗಿಂದ ಡ್ರಮ್ಮು, ಗಿಟಾರು, ಪಿಟೀಲು ಎಲ್ಲ ಸೇರಿ ಪಕ್ಕವಾದ್ಯದವರ ಒಂದು ಗುಂಪೇ ಎದ್ದು ಕೂರುತ್ತದೆ. ಇಂಟ್ರೋ ಎಂಬ ಬಟನ್ ಒತ್ತಿದರೆ ಹಾಡಿಗೆ ಪೀಠಿಕೆ. ಫಿಲ್ ಇನ್ ಒತ್ತಿದರೆ ಎರಡು ಸಾಲಿನ ನಡುವೆ ಡ್ರಮ್ಮಿನ ಒಂದು ಉರುಳು. ಎಂಡಿಂಗ್ ಒತ್ತಿದರೆ ಎಲ್ಲರೂ ಒಟ್ಟಿಗೆ ಮಂಗಳ ಹಾಡಿ ಎದ್ದುಹೋಗುತ್ತಾರೆ. ಕಾಫಿ ಕೇಳದ, ಮುನಿಸಿಕೊಳ್ಳದ, ಹಾಡುಗಾರನ ಮೇಲೆ ಸೇಡು ತೀರಿಸಿಕೊಳ್ಳದ ಇಂಥ ಪಕ್ಕವಾದ್ಯದವರು ನನ್ನ ಅನುಭವದಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ ಇಂಥ ಎರಡು ಪೆಟ್ಟಿಗೆಗಳನ್ನು ನಾನು ಹೋಲಿಸಿ ಹೋಲಿಸಿ ನೋಡಿದೆ. ನನ್ನ ತಂಗಿಗೆ ಗಂಡು ನೋಡುವಾಗ ಕೂಡ ನಮ್ಮ ಮನೆಯಲ್ಲಿ ಅಷ್ಟು ವಿಚಾರಣೆ ನಡೆದಿರಲಿಲ್ಲ.

ಎಲ್ಲ ಆಕೆಯ ಮದುವೆಯಿಂದಲೇ ಬಂದದ್ದು. ತಂಗಿ ಪದ್ಮ ನೋಡಲು ಲಕ್ಷಣ, ಮಾತಿಗೆ ಚುರುಕು, ಅವಳ ಕೈಯ ಗೊಜ್ಜಿಗೆ ನಮ್ಮ ಬೀದಿಯೇ ಸಾಕ್ಷಿ. ಆದರೆ ಹಾಡಲು ಬಾಯಿ ತೆರೆದರೆ ಮುಗಿಯಿತು. ಅವಳಿಗೆ ಸ್ವರ ಬರುವುದಿಲ್ಲ ಎಂದಲ್ಲ, ಎಲ್ಲ ಸ್ವರವೂ ಬರುತ್ತಿತ್ತು, ಕರೆದಾಗ ಬರುತ್ತಿರಲಿಲ್ಲ. ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತಾಗ ಹೆಡ್ಮಾಸ್ಟರು ಅವಳ ಹತ್ತಿರ ಬಂದು, ಮಗು, ನೀನು ತುಟಿ ಮಾತ್ರ ಆಡಿಸು, ದೇವರಿಗೆ ತಿಳಿಯುತ್ತೆ ಎಂದಿದ್ದರು. ಮನೆಯಲ್ಲಿ ಮಂಗಳಾರತಿ ಹೊತ್ತಿಗೆ ಅವಳು ಹಾಡಲು ಶುರುಮಾಡಿದರೆ ನಮ್ಮ ತಾತ ಗಂಟೆಯನ್ನು ಅವಳ ಕೈಗೆ ಕೊಟ್ಟುಬಿಡುತ್ತಿದ್ದರು. ಗಂಟೆ ಬಾರಿಸುವ ಉತ್ಸಾಹದಲ್ಲಿ ಅವಳು ಹಾಡುವುದನ್ನು ಮರೆಯುತ್ತಿದ್ದಳು. ಹೀಗೆ ಅವಳು ನಮ್ಮ ಮನೆಯ ಕಾಯಂ ಗಂಟೆಯವಳಾದಳು.

ಗಂಡಿನ ಕಡೆಯವರು ಬೇಲೂರಿನವರು. ಹುಡುಗ ಶ್ರೀಧರ ಅಲ್ಲಿನ ಕೋರ್ಟಿನಲ್ಲಿ ಗುಮಾಸ್ತ. ಅವನ ತಂದೆಯ ಕಾಲದವರೆಗೂ ಮನೆತನಕ್ಕೆ ದೇವಸ್ಥಾನದ ಸೇವೆ, ಹಾಗಾಗಿ ಮನೆ ತುಂಬ ದೇವರನಾಮ. ಹೆಣ್ಣು ನೋಡಲು ಅರಸೀಕೆರೆಗೆ ಬಂದಾಗ ಹುಡುಗನ ತಾಯಿ ಜಯಮ್ಮನವರು ಕೇಸರಿಬಾತಿನ ತಟ್ಟೆ ಪಕ್ಕಕ್ಕಿಟ್ಟು, ಒಂದು ಹಾಡು ಹೇಳಮ್ಮ ಎಂದರು. ಪದ್ಮ ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣು ಮಿಟುಕಿಸದೆ, "ಹಾಡ್ತಾಳೆ ಕಣ್ರೀ, ಚೆನ್ನಾಗೇ ಹಾಡ್ತಾಳೆ. ನಿನ್ನೆ ಐಸ್ ಕ್ಯಾಂಡಿ ತಿಂದು ಗಂಟಲು ಕಟ್ಕೊಂಡಿದೆ" ಎಂದರು. ಪದ್ಮ ಐಸ್ ಕ್ಯಾಂಡಿ ತಿಂದು ವರ್ಷಗಳೇ ಆಗಿದ್ದವು. ಜಯಮ್ಮನವರು ದೊಡ್ಡ ಮನಸ್ಸಿನಿಂದ, "ಅದಕ್ಕೇನಂತೆ, ಉರುಟಣೇಲಿ ಕೇಳಿದ್ರಾಯ್ತು" ಎಂದರು. ಈ ಮಾತು ನಡೆಯುವಷ್ಟು ಹೊತ್ತೂ ಶ್ರೀಧರ ತಟ್ಟೆಯಿಂದ ತಲೆ ಎತ್ತಲಿಲ್ಲ. ಪಾಪ, ಬಲು ಸಂಕೋಚದ ಹುಡುಗ ಎಂದು ನಾವೆಲ್ಲ ಮೆಚ್ಚಿಕೊಂಡೆವು.

ಉರುಟಣೆ ನೋಡದವರಿಗಾಗಿ ಒಂದು ಮಾತು. ಧಾರೆಯಾದ ಮೇಲೆ ಗಂಡು ಹೆಣ್ಣನ್ನು ಹಸೆಯ ಮೇಲೆ ಎದುರುಬದುರಾಗಿ ಕೂರಿಸಿ, ಅರಿಶಿನ ಹಚ್ಚಿಸಿ, ತೆಂಗಿನಕಾಯಿ ಉರುಳಿಸಿ ಆಟವಾಡಿಸುತ್ತಾರೆ. ಒಂದೊಂದಕ್ಕೂ ಹಾಡಬೇಕು. ಹೆಣ್ಣು ಹಾಡಿದರೆ ಗಂಡು ಅರಿಶಿನಕ್ಕೆ ಕೈ ಚಾಚುತ್ತಾನೆ, ಗಂಡು ಹಾಡಿದರೆ ಹೆಣ್ಣು ತಾಂಬೂಲ ತೆಗೆದುಕೊಳ್ಳುತ್ತಾಳೆ. ಸುತ್ತ ಕೂತ ಎರಡೂ ಕಡೆಯ ಹೆಂಗಸರು ಬೀಗರನ್ನು ಆಡಿಕೊಂಡು ಹಾಡು ಕಟ್ಟುತ್ತಾರೆ. ಒಟ್ಟಿನಲ್ಲಿ ಮದುವೆಯಲ್ಲಿ ಯಾರ ಬಾಯಿಗೂ ಬೀಗವಿಲ್ಲದ ಹೊತ್ತು ಅದು. ಅಲ್ಲಿ ತುಟಿ ಮಾತ್ರ ಆಡಿಸಿದರೆ ನಡೆಯುವುದಿಲ್ಲ.

ಅವರು ಹೋದ ಮೇಲೆ ಪದ್ಮ ಹಿತ್ತಲ ಕಲ್ಲಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. "ಅಣ್ಣ, ನಂಗೆ ಅವ್ರು ಇಷ್ಟ ಆಗಿದ್ದಾರೆ ಕಣೋ" ಎಂದಳು. "ಮೊದಲ್ನೇ ದಿನಾನೇ ಅವರ ಮನೆಯವರ ಮುಂದೆ ನಗೆಪಾಟಲಾಗೋದು ಬೇಡ. ನೀನು ಏನಾದ್ರೂ ಮಾಡು." ಬಾಲ್ಯದಲ್ಲಿ ಅವಳ ಹಾಡಿಗೆ ಮೊದಲು ಕಿವಿ ಮುಚ್ಚಿಕೊಂಡವನೇ ನಾನು, ಈಗ ಇಡೀ ಬೇಲೂರು ಕಿವಿ ಮುಚ್ಚಿಕೊಳ್ಳುವುದನ್ನು ಮಾತ್ರ ಸಹಿಸಲಾರೆ ಅನ್ನಿಸಿತು. ಜೊತೆಗೆ, ಇದನ್ನೂ ಹೇಳಿಬಿಡುತ್ತೇನೆ, ಒಳಗೊಳಗೇ ಸಣ್ಣ ಖುಷಿಯೂ ಆಯಿತು. ನಾನು ಆರು ತಿಂಗಳು ಹಾರ್ಮೋನಿಯಂ ಕಲಿತವನು. ಕಾಲೇಜ್ ಡೇಯಲ್ಲಿ ಕೀಬೋರ್ಡ್ ನುಡಿಸಿ ಚಪ್ಪಾಳೆ ತಟ್ಟಿಸಿಕೊಂಡವನು. ಒಳಗೊಬ್ಬ ಸಂಗೀತ ನಿರ್ದೇಶಕ ಬೆಳಗ್ಗೆ ಸಂಜೆ ಅವಕಾಶಕ್ಕಾಗಿ ಕಾಯುತ್ತಿದ್ದ. ಒಂದು ಹಾಡನ್ನು ನಾನೇ ಕಟ್ಟಿ, ಪೆಟ್ಟಿಗೆಯಲ್ಲಿ ತುಂಬಿ, ರಾಗವನ್ನೂ ಜೋರಾಗಿ ನುಡಿಸಿಬಿಟ್ಟರೆ ಪದ್ಮಳ ದನಿ ಅದರಡಿ ಮುಚ್ಚಿಹೋಗುತ್ತದೆ ಎಂಬುದು ನನ್ನ ಯೋಜನೆ.

ಮೊದಲು ಹೋದದ್ದು ರಾಜಣ್ಣನ ಹತ್ತಿರ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು, ರಾತ್ರಿ ಆರ್ಕೆಸ್ಟ್ರಾ ನಡೆಸುತ್ತಿದ್ದವನು. ಅವನ ಕೀಬೋರ್ಡು ಉದ್ದಕ್ಕೆ ಮದುಮಗಳ ಸೀರೆಯ ಪೆಟಾರಿಯಷ್ಟಿತ್ತು. ಹೆಂಡತಿಯ ಹಳೆಯ ರೇಷ್ಮೆ ಸೀರೆಯನ್ನು ಅದಕ್ಕೆ ಹೊದಿಸಿದ್ದ. ಸೆರಗು ಸರಿಸಿದರೆ ಕಣ್ಣು ಕೋರೈಸುವಷ್ಟು ಬಟನ್ನುಗಳು, ಒಂದು ಸಣ್ಣ ಹಸಿರು ಪರದೆ, ಪಕ್ಕದಲ್ಲಿ ಫ್ಲಾಪಿ ತುರುಕುವ ಬಾಯಿ. ತಾಳವನ್ನು ಬೇರೆ, ಬೇಸ್ ಬೇರೆ, ಕೊಳಲು ಬೇರೆ, ಹೀಗೆ ಪದರ ಪದರವಾಗಿ ರೆಕಾರ್ಡ್ ಮಾಡಿ, ಕೊನೆಗೆ ಎಲ್ಲವನ್ನೂ ಸೇರಿಸಿ ಫ್ಲಾಪಿಗೆ ಇಳಿಸಬಹುದು. ಶ್ರುತಿ ಬದಲಾಯಿಸುವುದು ಎಲ್ಲಿ ಎಂದು ಕೇಳಿದೆ. ರಾಜಣ್ಣ ಹೆಮ್ಮೆಯಿಂದ ಹೇಳಿದ: "ಇದ್ರಲ್ಲಿ ಇಲ್ದೇ ಇರೋದು ಏನೂ ಇಲ್ಲ ಸ್ವಾಮಿ. ಎಲ್ಲಾ ಐತೆ. ಎಲ್ಲೈತೆ ಅಂತ ನಂಗೂ ಪೂರ್ತಿ ಗೊತ್ತಿಲ್ಲ." ಹುಡುಕಿದೆವು. ಪರದೆಯಲ್ಲಿ ಒಂದು ಪುಟ, ಅದರೊಳಗೆ ಇನ್ನೊಂದು ಪುಟ, ಅದರೊಳಗೆ ಮತ್ತೊಂದು, ಅಲ್ಲಿ ಕೆಳಗೆ ಎಲ್ಲೋ ಅಡಗಿ ಕೂತಿತ್ತು.

ಆ ಪೆಟ್ಟಿಗೆಯ ಮುಂದೆ ಸಂಜೆಗಟ್ಟಲೆ ಕೂತೆ. ಒಂದು ಸಾಲೂ ಹುಟ್ಟಲಿಲ್ಲ. ಇಂಟ್ರೋ ಒತ್ತಿದರೆ ಅರಮನೆಯ ಬಾಗಿಲು ತೆರೆದಂಥ ಆರ್ಭಟ. ಅದು ಮುಗಿದ ಮೇಲೆ ಬೀಗರ ಹೋಳಿಗೆಯ ಬಗ್ಗೆ ಹಾಡಲು ಬಾಯಿಯೇ ಬರುತ್ತಿರಲಿಲ್ಲ. ಕೊಳಲು ಹಾಕಲೋ ಕ್ಲಾರಿನೆಟ್ ಹಾಕಲೋ ಎಂದು ಯೋಚಿಸುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ನಮ್ಮೂರಿನ ದೊಡ್ಡ ಸೀರೆ ಅಂಗಡಿಗೆ ಹೋದ ಹೆಂಗಸರು ಎಲ್ಲ ಬಿಚ್ಚಿಸಿ ನೋಡಿ ಬರಿಗೈಯಲ್ಲಿ ಬರುತ್ತಾರಲ್ಲ, ನನ್ನದೂ ಅದೇ ಪಾಡು.

ಬಾಣಾವರದಲ್ಲಿ ಇನ್ನೊಂದು ಪೆಟ್ಟಿಗೆಯಿದೆ ಎಂದು ಯಾರೋ ಹೇಳಿದರು. ಪ್ಯಾಸೆಂಜರ್ ರೈಲು ಹತ್ತಿ ಹೋದೆ. ಅದು ಡ್ರಾಯಿಂಗ್ ಮೇಷ್ಟ್ರು ನಾಗೇಂದ್ರಯ್ಯನವರದು, ಶಾಲೆಯ ವಾರ್ಷಿಕೋತ್ಸವಕ್ಕೆಂದು ಕೊಂಡಿದ್ದು. ಅವರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಕೀಬೋರ್ಡಿನ ಕಪ್ಪು ಮೈಮೇಲೆಲ್ಲ ಹಳೇಬೀಡಿನ ಗೋಡೆಯಿಂದ ಇಳಿದು ಬಂದಂಥ ಬಳ್ಳಿಯನ್ನು ಬಿಳಿ ಬಣ್ಣದಲ್ಲಿ ಬಿಡಿಸಿದ್ದರು. ಬಳ್ಳಿಯ ಎಲೆಗಳಡಿ ಅರ್ಧ ಬಟನ್ನುಗಳ ಹೆಸರು ಮುಚ್ಚಿಹೋಗಿತ್ತು. ಗಾತ್ರಕ್ಕೆ ಸಣ್ಣದು, ತಾಳಗಳು ಕೈಬೆರಳಲ್ಲಿ ಎಣಿಸುವಷ್ಟು. ಒಂದೇ ಒಂದು ಹಾಡನ್ನು ನೆನಪಿಟ್ಟುಕೊಳ್ಳುತ್ತಿತ್ತು, ಸ್ವಿಚ್ ಆರಿಸಿದರೆ ಅದನ್ನೂ ಮರೆಯುತ್ತಿತ್ತು. ಆದರೆ ಮೇಷ್ಟ್ರು ಒಂದನ್ನು ಬಹಳ ಠೀವಿಯಿಂದ ತೋರಿಸಿದರು. ಹೆಬ್ಬೆರಳಿಗೆ ಸಿಗುವ ಹಾಗೆ ಕೂಡಿಸು ಕಳೆ ಎಂಬ ಎರಡು ಬಟನ್. ಒಂದನ್ನು ಒತ್ತಿದರೆ ಶ್ರುತಿ ಅರ್ಧ ಸ್ವರ ಮೇಲೆ, ಇನ್ನೊಂದನ್ನು ಒತ್ತಿದರೆ ಅರ್ಧ ಸ್ವರ ಕೆಳಗೆ. "ಹಾಡೋರು ಎತ್ತ ಹೋದ್ರೂ ಹಿಂದೇನೇ ಹೋಗಬಹುದು. ಮಕ್ಕಳ ಜೊತೆ ಬಾಳೋನಿಗೆ ಇದೇ ಬೇಕಾಗಿರೋದು ಮೂರ್ತಿ" ಎಂದರು. ನಾನು ನಗುತ್ತಾ ತಲೆಯಾಡಿಸಿದೆ. ಫ್ಲಾಪಿ ಕಂಡ ಕಣ್ಣಿಗೆ ಹೆಬ್ಬೆರಳಿನ ಬಟನ್ ಎಲ್ಲಿ ಹಿಡಿಸೀತು?

ವಿಚಿತ್ರವೆಂದರೆ ಹಾಡು ಹುಟ್ಟಿದ್ದು ಆ ಸಣ್ಣ ಪೆಟ್ಟಿಗೆಯಲ್ಲೇ. ಇದ್ದ ತಾಳಗಳಲ್ಲಿ ಪೋಲ್ಕಾ ಎಂಬುದನ್ನು ಒತ್ತಿದೆ. ಯಾವ ದೇಶದ್ದೋ ಏನೋ, ಬಡಿಸುವವರು ಸಾಲಿನಲ್ಲಿ ಓಡಾಡುವ ನಡಿಗೆಯೇ ಅದರಲ್ಲಿತ್ತು. ಮೇಷ್ಟ್ರ ಮನೆಯವರು ಕೊಟ್ಟ ಕಾಫಿ ಆರುವುದರೊಳಗೆ ಸಾಲುಗಳು ಬಂದವು:

ಬೇಲೂರ್ ಬೀಗರು ಬಂದರು ಕಾಣಿರೆ ಹಸಿವಿನ ಮೂಟೆಯ ಹೊತ್ತು,
ಹೋಳಿಗೆ ಬಡಿಸಿದ ಕೈಗಳು ಸೋತವು, ಸೋಲದು ಬೀಗರ ತುತ್ತು.

ಮೇಷ್ಟ್ರು ತೊಡೆ ತಟ್ಟಿ ನಕ್ಕರು. ಯಾರ ಮದುವೆಗೆ ಎಂದು ಕೇಳಿದರು. ನನ್ನ ತಂಗಿಯ ಮದುವೆಗೆ, ಬೇಲೂರಿನ ಜಯಮ್ಮನವರ ಮಗನಿಗೆ ಕೊಡುತ್ತಿದ್ದೇವೆ ಎಂದೆ. ಮೇಷ್ಟ್ರ ನಗು ಅಲ್ಲಿಗೆ ನಿಂತಿತು. ಓಹೋ, ಓಹೋ ಎಂದು ಎರಡು ಸಲ ಅಂದು ಒಳಗೆ ಹೋಗಿ ನನಗೆ ಇನ್ನೊಂದು ಲೋಟ ಕಾಫಿ ತರಿಸಿದರು. ಒಳ್ಳೆಯ ಮನುಷ್ಯರು ಎಂದುಕೊಂಡು ಕುಡಿದೆ.

ಪೆಟ್ಟಿಗೆ ಮರೆಯುವಂಥದ್ದಾದ್ದರಿಂದ ಮಟ್ಟನ್ನು ನಾನೇ ನೆನಪಿಟ್ಟುಕೊಳ್ಳಬೇಕಾಯಿತು. ರೈಲಿನಲ್ಲಿ ಗುನುಗುತ್ತಾ ಕೂತೆ. ಎದುರು ಸೀಟಿನಲ್ಲಿ ಭಜನೆಯ ತಂಡವೊಂದು ತಾಳ ಕುಟ್ಟುತ್ತಿತ್ತು, ಬಾಗಿಲ ಬಳಿ ಕಡಲೆಕಾಯಿ ಮಾರುವವನು ತನ್ನದೇ ರಾಗದಲ್ಲಿ ಕೂಗುತ್ತಿದ್ದ. ಅರಸೀಕೆರೆಯಲ್ಲಿ ಇಳಿಯುವ ಹೊತ್ತಿಗೆ ನನ್ನ ಹಾಡಿನ ಮೊದಲ ಸಾಲು ಭಜನೆಗೂ ಎರಡನೆಯ ಸಾಲು ಕಡಲೆಕಾಯಿಗೂ ಸೇರಿಹೋಗಿತ್ತು. ಅದನ್ನೇ ಪ್ರಯೋಗ ಎಂದು ಕರೆದುಕೊಂಡು ಸಮಾಧಾನಪಟ್ಟೆ.

ಯಾವ ಪೆಟ್ಟಿಗೆ ಎಂಬುದನ್ನು ತೀರ್ಮಾನಿಸಿದವರು ಅಮ್ಮ. ಸಣ್ಣದರ ವರ್ಣನೆ ಕೇಳಿ, ಬೀಗರ ಮುಂದೆ ಬಳ್ಳಿ ಬಿಡಿಸಿದ ಆಟದ ಸಾಮಾನು ಇಟ್ಕೊಂಡು ಕೂರ್ತೀಯೇನೋ ಎಂದರು. ನನಗೂ ಅದೇ ಬೇಕಿತ್ತು. ರಾಜಣ್ಣನ ಅಂಗಡಿಯಲ್ಲಿ ತಾಳ, ಬೇಸ್, ಪಿಟೀಲು, ರಾಗ ಎಲ್ಲವನ್ನೂ ಪದರ ಪದರವಾಗಿ ತುಂಬಿ ಫ್ಲಾಪಿಗೆ ಇಳಿಸಿದೆವು. ಪದ್ಮಳನ್ನು ಕರೆತಂದು ಅಭ್ಯಾಸ ಮಾಡಿಸಿದೆ. ಸದ್ದು ಪೂರ್ತಿ ಏರಿಸಿದರೆ ಅವಳು ಹಾಡುತ್ತಿದ್ದಾಳೋ ಆಕಳಿಸುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಪದ್ಮಳ ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು. ರಾಜಣ್ಣ ಪೆಟ್ಟಿಗೆ ಬಿಟ್ಟಿರಲಾರದವನಾದ್ದರಿಂದ ತಾನೂ ಮದುವೆಗೆ ಬರುವುದಾಗಿ ಹೇಳಿದ.

ಮದುವೆ ಹಳೇಬೀಡಿನ ಛತ್ರದಲ್ಲಿ. ಬೇಲೂರಿನವರಿಗೂ ಹತ್ತಿರ, ನಮಗೂ ತೀರಾ ದೂರವಲ್ಲ. ಧಾರೆ ಮುಗಿಯಿತು, ಊಟ ಮುಗಿಯಿತು. ನನ್ನ ಹಾಡಿನಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿ ಬೀಗರು ಹೋಳಿಗೆಯನ್ನು ಬಹಳ ಮಿತವಾಗಿ ತಿಂದು ನನಗೆ ಇರುಸುಮುರುಸು ಮಾಡಿದರು. ಮಧ್ಯಾಹ್ನ ಉರುಟಣೆಗೆ ಹಸೆ ಹಾಕಿದರು. ಶ್ರೀಧರ ಹಸೆಯ ಮೇಲೆ ಗೋಡೆಗೆ ಆನಿಕೊಂಡು ಕೂತು ಬೆವರುತ್ತಿದ್ದ. ಪದ್ಮ ಅವನೆದುರು ಅರಿಶಿನದ ಬಟ್ಟಲು ಹಿಡಿದು ಕೂತಳು. ನಾನು ಫ್ಲಾಪಿ ತುರುಕಿ ಪ್ಲೇ ಒತ್ತಿದೆ. ಅರಮನೆಯ ಬಾಗಿಲು ತೆರೆಯಿತು. ಹೆಂಗಸರೆಲ್ಲ ಹುಬ್ಬೇರಿಸಿದರು. ನಾನು ಕಾಲರ್ ಸರಿಮಾಡಿಕೊಂಡೆ.

ಆಗ ಜಯಮ್ಮನವರು ಬಲು ಪ್ರೀತಿಯಿಂದ ಹೇಳಿದರು: "ಆ ಸದ್ದು ಸ್ವಲ್ಪ ತಗ್ಗಿಸಪ್ಪ. ಹುಡುಗಿ ಕಂಠ ಕೇಳ್ಬೇಕಲ್ಲ, ಅವತ್ತಿಂದ ಕಾದಿದ್ದೀವಿ."

ಬೀಗಿತ್ತಿಯ ಮಾತು ಮೀರುವುದುಂಟೇ? ತಗ್ಗಿಸಿದೆ. ಬೇಲೂರ್ ಬೀಗರು ಬಂದರು ಕಾಣಿರೆ ಎಂದು ಪದ್ಮ ಎತ್ತಿದಳು. ಪೆಟ್ಟಿಗೆ ಒಂದು ಊರಿನಲ್ಲಿ, ಅವಳು ಪಕ್ಕದ ಊರಿನಲ್ಲಿ. ಅವಳಿರುವ ಕಡೆಗೆ ಶ್ರುತಿಯನ್ನು ಒಯ್ಯೋಣವೆಂದು ಪರದೆಯ ಪುಟ ತೆರೆದೆ, ಅದರೊಳಗಿನ ಪುಟ ತೆರೆದೆ. ನಾನು ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅವಳು ಅಲ್ಲಿಂದಲೂ ಹೊರಟುಹೋಗಿದ್ದಳು. ಬಾಣಾವರದ ಹೆಬ್ಬೆರಳಿನ ಬಟನ್ ನೆನಪಾಯಿತು. ಅವಸರದಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದೆನೆಂದು ಕಾಣುತ್ತದೆ. ನನ್ನ ಪೋಲ್ಕಾ ಕಡಿದುಹೋಗಿ, ಪೆಟ್ಟಿಗೆ ಮಾಡಿದವರು ಅಂಗಡಿಯಲ್ಲಿ ಗಿರಾಕಿಗಳನ್ನು ಮರುಳು ಮಾಡಲೆಂದು ಒಳಗೆ ತುಂಬಿಟ್ಟಿರುವ ಡೆಮೋ ಸಂಗೀತ ಶುರುವಾಯಿತು. ತುತ್ತೂರಿ, ಜಾಗಟೆಯಂಥದ್ದೇನೋ, ಕುದುರೆ ಓಡಿದ ಸದ್ದು. ಎಂಡಿಂಗ್ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಡೆಮೋಗೆ ಆ ಬಟನ್ ಲೆಕ್ಕಕ್ಕಿಲ್ಲವೆಂದು ನನಗೆ ಆಗ ತಿಳಿಯದು. ದೇವಸ್ಥಾನ ನೋಡಲು ಬಂದಿದ್ದ ಬಿಳಿಯ ದಂಪತಿಗಳಿಬ್ಬರು ಛತ್ರದ ಕಿಟಕಿಯಲ್ಲಿ ಇಣುಕಿ, ಆ ಮಟ್ಟು ಪರಿಚಯವಿದ್ದಂತೆ ತಲೆದೂಗಿದರು. ಕೊನೆಗೆ ರಾಜಣ್ಣ ಹಾರಿ ಬಂದು ಗೋಡೆಯ ಪ್ಲಗ್ಗನ್ನೇ ಕಿತ್ತ.

ಯಾರೋ ಕಿಸಕ್ ಎಂದರು. ಪದ್ಮ ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ನನ್ನನ್ನೂ ನೋಡಲಿಲ್ಲ, ಅಮ್ಮನನ್ನೂ ನೋಡಲಿಲ್ಲ. ನೇರ ಜಯಮ್ಮನವರನ್ನು ನೋಡಿದಳು.

"ಅತ್ತೆ, ನಂಗೆ ಹಾಡು ಬರಲ್ಲ" ಎಂದಳು. "ಅವತ್ತೂ ಗಂಟಲು ಕಟ್ಟಿರ್ಲಿಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಸೆರಗಿನ ಹಿಂದೆಯೇ ಉಳಿದುಬಿಟ್ಟರು. ಜಯಮ್ಮನವರು ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು. ಅವನು ಹೆಣ್ಣು ನೋಡಲು ಬಂದ ದಿನ ಕೇಸರಿಬಾತಿನ ತಟ್ಟೆ ನೋಡಿದ ಹಾಗೆಯೇ ಈಗ ಹಸೆಯನ್ನು ನೋಡುತ್ತಿದ್ದ. ಜಯಮ್ಮನವರು ಉಸಿರು ಬಿಟ್ಟು, ಕಂಬದ ಕಡೆಗೆ ತಿರುಗಿ, "ನಾಗೇಂದ್ರಣ್ಣ, ಆ ಶಾಲು ತೆಗಿ" ಎಂದರು.

ಕಂಬದ ಹಿಂದೆ ಬಾಣಾವರದ ಮೇಷ್ಟ್ರು ಕೂತಿದ್ದರು. ತೊಡೆಯ ಮೇಲಿನ ಶಾಲು ಸರಿಸಿದರು. ಕಪ್ಪು ಮೈ, ಬಿಳಿ ಬಳ್ಳಿ. ಹೆಬ್ಬೆರಳು ಆಗಲೇ ಕೂಡಿಸು ಕಳೆಯ ಮೇಲೆ ಸಿದ್ಧವಾಗಿ ಕೂತಿತ್ತು.

"ಪೆಟ್ಟಿಗೆ ನಾವೂ ತಂದಿದ್ದೀವಿ ಕಣಮ್ಮ" ಎಂದರು ಜಯಮ್ಮನವರು. "ನಮ್ಮ ಶ್ರೀಧರನಿಗೆ."

ಮೇಷ್ಟ್ರು ಅವರಿಗೆ ದೂರದ ಸಂಬಂಧದಲ್ಲಿ ಅಣ್ಣನಾಗಬೇಕಂತೆ. ನಾನು ಬಾಣಾವರಕ್ಕೆ ಹೋಗುವ ಹಿಂದಿನ ದಿನವೇ ಜಯಮ್ಮನವರು ಹೋಗಿ ಪೆಟ್ಟಿಗೆಗೆ ಹೇಳಿ ಬಂದಿದ್ದರಂತೆ. ದೇವಸ್ಥಾನದ ಮನೆತನದಲ್ಲಿ ಹುಟ್ಟಿದ ಒಬ್ಬನೇ ಮಗ ಮಂಗಳಾರತಿಯನ್ನು ಕೂಡ ದಾರಿ ತಪ್ಪಿಸುತ್ತಾನೆ ಎಂಬುದನ್ನು ಹೆಣ್ಣಿನ ಕಡೆಯವರ ಮುಂದೆ ಯಾವ ತಾಯಿ ತಾನೆ ಹೇಳಿಯಾಳು? ಶ್ರೀಧರ ಆಗ ತಲೆ ಎತ್ತಿ ಪದ್ಮಳನ್ನು ನೋಡಿದ. ಆ ಮುಖದಲ್ಲಿದ್ದದ್ದು ಬರೀ ನೆಮ್ಮದಿ. "ಒಟ್ಟಿಗೆ ಹೇಳೋಣ್ವಾ?" ಎಂದು ಮೆಲ್ಲಗೆ ಕೇಳಿದ. ಪದ್ಮ ಕಣ್ಣೊರೆಸಿಕೊಂಡು ನಕ್ಕಳು.

ಒಟ್ಟಿಗೆ ಹೇಳಿದರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಂಗಿಸುವ ನನ್ನ ಹಾಡನ್ನು ಗಂಡೇ ಕೂತು ಹಾಡಿದ. ಅವಳು ಮೇಲೆ ಹೋದರೆ ಅವನು ಕೆಳಗೆ ಹೋದ. ಮೇಷ್ಟ್ರ ಹೆಬ್ಬೆರಳು ಸ್ವಲ್ಪ ಹೊತ್ತು ಅವಳ ಹಿಂದೆ ಓಡಿ, ಸ್ವಲ್ಪ ಹೊತ್ತು ಅವನ ಹಿಂದೆ ಓಡಿ, ಆಮೇಲೆ ಕೈಮುಗಿದು ಕೂತಿತು. ಛತ್ರಕ್ಕೆ ಛತ್ರವೇ ನಕ್ಕಿತು. ಯಾರ ಕಡೆಯವರು ಯಾರನ್ನು ನೋಡಿ ನಗುತ್ತಿದ್ದಾರೆಂದು ಹೇಳಲು ಬಾರದ ನಗು ಅದು. ಅಮ್ಮನೂ ಜಯಮ್ಮನವರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ರಾಜಣ್ಣ ಆಮೇಲೆ ಅಂಗಡಿಯನ್ನು ಮೊಬೈಲ್ ರಿಪೇರಿಗೆ ಬದಲಾಯಿಸಿದ. ಫ್ಲಾಪಿ ನನ್ನ ಮೇಜಿನ ಡ್ರಾಯರಿನಲ್ಲಿದೆ, ಅದನ್ನು ತುರುಕುವ ಬಾಯಿ ಈಗ ಎಲ್ಲೂ ಇಲ್ಲ. ನನ್ನ ಸಂಗೀತ ನಿರ್ದೇಶನದಿಂದ ಉಳಿದದ್ದು ಈ ಬೆರಳಿನ ಚಾಳಿಯೊಂದೇ.

ಮೊನ್ನೆ ಬೇಲೂರಿಗೆ ಹೋಗಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಪದ್ಮ, ಶ್ರೀಧರ ದೇವರ ಮುಂದೆ ನಿಂತರು. ಜಯಮ್ಮನವರಿಗೆ ಈಗ ಕಿವಿ ಮಂದ. ಅದೂ ದೇವರ ದಯೆಯೇ ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಆರತಿ ಹಾಡು ಶುರುವಾಯಿತು. ಅವಳು ಒಂದು ದಾರಿ, ಅವನು ಒಂದು ದಾರಿ. ಚರಣದ ಮೇಲೆ ಚರಣ, ಎಲ್ಲವನ್ನೂ ಬಿಡದೆ ಹೇಳುವ ಭಕ್ತಿ ಬೇರೆ. ಜಯಮ್ಮನವರು ನನ್ನನ್ನು ಹತ್ತಿರ ಕರೆದು ಗಂಟೆಯನ್ನು ನನ್ನ ಎಡಗೈಗೆ ಕೊಟ್ಟರು. ತಾತನ ನೆನಪಾಗಿ ಜೋರಾಗಿ ಬಾರಿಸಲು ಕೈಯೆತ್ತಿದೆ. ಆದರೆ ಪದ್ಮ ಕಣ್ಣು ಮುಚ್ಚಿ, ಬಾಯಿ ತುಂಬ ಹಾಡುತ್ತಿದ್ದಳು. ಗಂಟೆಯ ನಾಲಗೆಯನ್ನು ಆ ಬೆರಳಿನಿಂದಲೇ ಹಿಡಿದುಕೊಂಡು, ಹಾಡು ತಾನಾಗಿ ಮುಗಿಯುವವರೆಗೂ ಸುಮ್ಮನೆ ನಿಂತೆ.